ತೇವದ ಗ್ಯಾರೇಜು, ತುಕ್ಕಿಲ್ಲದ ಟೂಲ್ಸು

ನನ್ನ ಗ್ಯಾರೇಜಿನ ಚಾವಣಿ ಸೋರುವುದಿಲ್ಲ. ಗೋಡೆಯಲ್ಲಿ ಬಿರುಕಿಲ್ಲ. ಆದರೂ ಒಳಗಿಟ್ಟ ಕಬ್ಬಿಣಕ್ಕೆಲ್ಲ ತುಕ್ಕು ಹಿಡಿಯುತ್ತಿತ್ತು. ಎಣ್ಣೆ ಹಚ್ಚು, ಒರೆಸು, ಮತ್ತೆ ಹಚ್ಚು. ಇದು ಮುಗಿಯದ ಕೆಲಸ ಅನ್ನಿಸಿದ ಮೇಲೆ ಎಣ್ಣೆ ಡಬ್ಬಿ ಬದಿಗಿಟ್ಟು ಒಂದೇ ಪ್ರಶ್ನೆ ಹಿಡಿದು ಕೂತೆ. ಈ ನೀರು ಎಲ್ಲಿಂದ ಬರುತ್ತಿದೆ? ಅದು ಗೊತ್ತಾದ ಮೇಲೆ ಉಳಿದ ಕೆಲಸ ಸಲೀಸಾಯಿತು.

ಸುಳಿವು ಕೊಟ್ಟಿದ್ದು ಬೆಂಚ್ ವೈಸ್, ಅಂದರೆ ಸಾಮಾನನ್ನು ದವಡೆಯಲ್ಲಿ ಬಿಗಿದು ಹಿಡಿಯುವ ಬೆಂಚಿನ ಇಕ್ಕಳ. ಗೋಡೆಗೆ ತೂಗುಹಾಕಿದ ಗರಗಸದ ತೆಳು ಅಲಗು ಚೆನ್ನಾಗೇ ಇರುತ್ತಿತ್ತು. ವೈಸಿನ ದವಡೆಗೆ, ಡ್ರಿಲ್ ಪ್ರೆಸ್ಸಿನ ಟೇಬಲ್ಲಿಗೆ, ಅಂದರೆ ಭಾರದ ಸಾಮಾನಿಗೇ ಮೊದಲು ತುಕ್ಕು. ಯಾಕೆ ಅಂದರೆ ದಪ್ಪ ಕಬ್ಬಿಣ ರಾತ್ರಿ ತಣ್ಣಗಾದರೆ ಬೆಳಗ್ಗೆ ಬೇಗ ಬಿಸಿಯಾಗುವುದಿಲ್ಲ. ಅಷ್ಟರಲ್ಲಿ ಬಾಗಿಲು ತೆಗೆದರೆ ಹೊರಗಿನ ಬೆಚ್ಚನೆಯ ತೇವದ ಗಾಳಿ ಒಳಗೆ ನುಗ್ಗುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುತ್ತದಲ್ಲ, ವೈಸ್ ಕೂಡ ಹಾಗೇ ಬೆವರುತ್ತದೆ. ಲೆಕ್ಕ ಹೇಳುತ್ತೇನೆ ನೋಡಿ. ಗಾಳಿ 30 ಡಿಗ್ರಿ ಇದ್ದು ಅದರ ತೇವಾಂಶ (ಆ ಬಿಸಿಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಈಗ ಇರುವ ಪಾಲು) ಶೇ. 80 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಇಬ್ಬನಿ ಕೂರುತ್ತದೆ. ಕಾಣುವಂಥ ಹನಿಯೇ ಬೇಕು ಅಂತಲೂ ಇಲ್ಲ. ತೇವಾಂಶ ಶೇ. 60 ದಾಟಿದರೆ ಕಣ್ಣಿಗೆ ಕಾಣದಷ್ಟು ತೆಳು ನೀರಿನ ಪದರವೇ ಸಾಕು, ತುಕ್ಕು ಜೋರಾಗುತ್ತದೆ. ಶೇ. 50ರ ಕೆಳಗೆ ಇದ್ದರೆ ಬಹಳ ನಿಧಾನ.

ಹಾಗಾಗಿ "ಬಾಗಿಲು ತೆಗೆದಿಡು, ಗಾಳಿ ಆಡಲಿ" ಅನ್ನುವ ಮಾತು ಯಾವಾಗಲೂ ಸರಿಯಲ್ಲ. ತೇವಾಂಶ ಮತ್ತು ಉಷ್ಣತೆ ಎರಡನ್ನೂ ತೋರಿಸುವ ಮೀಟರ್ ತಂದು ಒಳಗೊಂದು, ಹೊರಗೊಂದು ಇಟ್ಟೆ. ಹೊರಗೆ ಬೆಚ್ಚಗೆ, ಜಿಗಿಜಿಗಿ ಅನ್ನುವಂತಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಬಿಸಿಲೇರಿ ಗಾಳಿ ಒಣಗಿ, ಒಳಗಿನ ಕಬ್ಬಿಣವೂ ಬೆಚ್ಚಗಾದ ಮೇಲೆ ತೆಗೆಯುತ್ತೇನೆ. ಅಗ್ಗದ ಮೀಟರುಗಳು ಸುಳ್ಳು ಹೇಳುವುದು ಜಾಸ್ತಿ. ಪರೀಕ್ಷೆ ಮಾಡುವುದು ಸುಲಭ: ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಷ್ಟು ಮಾತ್ರ ಒದ್ದೆ ಮಾಡಿ, ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಅರ್ಧ ದಿನ ಬಿಟ್ಟು ನೋಡಿದರೆ ಶೇ. 75 ತೋರಿಸಬೇಕು. ಎಷ್ಟು ಹೆಚ್ಚುಕಮ್ಮಿ ತೋರಿಸುತ್ತದೋ ಅದನ್ನು ಮೀಟರಿನ ಬೆನ್ನ ಮೇಲೆ ಬರೆದುಬಿಟ್ಟರೆ ಆಯಿತು.

ಎರಡನೇ ಅನುಮಾನ ನೆಲದ ಮೇಲೆ. ಕಾಂಕ್ರೀಟ್ ಒಣಗಿದಂತೆ ಕಂಡರೂ ಅಡಿಯಿಂದ ತೇವ ಎಳೆಯುತ್ತಲೇ ಇರುತ್ತದೆ. ಅರ್ಧ ಮೀಟರ್ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಬಿಗಿದು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಹಾಳೆಯ ಕೆಳಮೈಯಲ್ಲಿ ಹನಿ ಇತ್ತು, ನೆಲ ಅಲ್ಲಿ ಮಾತ್ರ ಕಪ್ಪಾಗಿತ್ತು. ಹನಿ ಮೇಲ್ಮೈಯಲ್ಲಿ ಇದ್ದಿದ್ದರೆ ತಪ್ಪು ಗಾಳಿಯದು, ಕೆಳಗಿದ್ದರೆ ನೆಲದ್ದು. ಗಾಳಿಯದು ವೈಸಿನಲ್ಲೇ ಗೊತ್ತಾಗಿತ್ತು, ಹಾಗಾಗಿ ನನ್ನಲ್ಲಿ ಎರಡೂ ಸೇರಿಕೊಂಡಿದ್ದವು ಅಂತ ಆಯಿತು. ಆಮೇಲೆ ನೆಲದ ಮೇಲೆ ನೇರವಾಗಿ ಏನನ್ನೂ ಇಟ್ಟಿಲ್ಲ. ಎಲ್ಲ ಕಪಾಟುಗಳೂ ಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಒಂದು ಗೇಣು ಮೇಲೆ.

ಇನ್ನು ಗ್ಯಾರೇಜಿನ ಒಳಗೇ ಇರುವ ಶತ್ರುಗಳು. ರಟ್ಟಿನ ಪೆಟ್ಟಿಗೆ ತೇವ ಕುಡಿದು ಹಾಗೇ ಇಟ್ಟುಕೊಳ್ಳುತ್ತದೆ, ಅದರೊಳಗೆ ಡ್ರಿಲ್ ಬಿಟ್ ಇಡಬಾರದು. ಚರ್ಮದ ಒರೆಯೂ ಅಷ್ಟೇ: ಚಾಕು, ಕೊಡಲಿಗೆ ಕೆಲಸದ ಹೊತ್ತಿನಲ್ಲಿ ಮಾತ್ರ ಒರೆ, ಇಡುವಾಗ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಟೈಲ್ಸ್ ತೊಳೆಯುವ ಆಸಿಡ್. ಅದು ಹೈಡ್ರೋಕ್ಲೋರಿಕ್ ಆಮ್ಲ. ಮುಚ್ಚಳ ಬಿಗಿಯಾಗೇ ಇದ್ದರೂ ಸಣ್ಣಗೆ ಹೊಗೆ ಹೊರಗೆ ಬರುತ್ತದೆ, ಆ ಹೊಗೆ ತಾಗಿದ ಕಬ್ಬಿಣ ಸುಮ್ನೆ ಕೂತಲ್ಲೇ ಕೆಂಪಾಗುತ್ತದೆ. ಆ ಬಾಟಲಿ ಗ್ಯಾರೇಜಿನಲ್ಲೇ ಇರಬಾರದು. ಚಳಿಗೆ ಅಂತ ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಉರಿಸುವವರಿಗೂ ಒಂದು ಮಾತು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಾವಿ ಕೋಣೆಗೆ ಸೇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಉಸಿರಿಗೂ ಅಪಾಯ, ಬಿಡಿ.

ಇಡೀ ಗ್ಯಾರೇಜನ್ನು ಒಣಗಿಸುವ ಯೋಚನೆ ಕೈಬಿಟ್ಟೆ. ಶಟರಿನ ಸಂದಿಯಿಂದ ಗಾಳಿ ನುಗ್ಗುತ್ತಲೇ ಇರುವ ಜಾಗಕ್ಕೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಟ್ಟರೆ ಊರಿಗೆಲ್ಲ ಗಾಳಿ ಒಣಗಿಸಿದ ಹಾಗೆ. ಅದರ ಬದಲು ಸಣ್ಣ ಸಣ್ಣ ಜಾಗ ಮಾಡಿಕೊಂಡೆ. ಉಳಿ, ಕೀಸುಳಿ, ಮಾರ್ಕಿಂಗ್ ಸಲಕರಣೆಗಳಿಗೆ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿದ ಒಂದು ಕಬ್ಬಿಣದ ಬೀರು. ಅದರ ತಳದಲ್ಲಿ ಕಡಿಮೆ ವ್ಯಾಟಿನ ಹೀಟಿಂಗ್ ರಾಡ್ ಸದಾ ಉರಿಯುತ್ತದೆ. ಗಾಳಿಯಲ್ಲಿರುವ ನೀರನ್ನು ಅದು ತೆಗೆಯುವುದಿಲ್ಲ, ಗಾಳಿಯನ್ನು ಬಿಸಿ ಮಾಡುತ್ತದೆ, ಅಷ್ಟೇ. ಆದರೆ 20 ಡಿಗ್ರಿಯಲ್ಲಿ ಶೇ. 80 ತೇವಾಂಶವಿರುವ ಗಾಳಿಯನ್ನು 25 ಡಿಗ್ರಿಗೆ ಏರಿಸಿದರೆ ಅದೇ ಗಾಳಿಯ ತೇವಾಂಶ ಶೇ. 60ರ ಕೆಳಗೆ ಇಳಿಯುತ್ತದೆ. ಲೋಹವೂ ಬೆಚ್ಚಗಿರುವುದರಿಂದ ಇಬ್ಬನಿಯ ಮಾತೇ ಇಲ್ಲ. ನಾನು ಮಾಡಿದ ಎಲ್ಲದರಲ್ಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಮುಚ್ಚಿದ ಡಬ್ಬಿಗಳಿಗೆ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳುಗಳು. ತೆರೆದ ಕಪಾಟಿನಲ್ಲಿಟ್ಟರೆ ದಂಡ, ಬೇಗನೆ ತುಂಬಿಹೋಗುತ್ತದೆ. ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಕಿತ್ತಳೆ ಬಣ್ಣದ್ದನ್ನೇ ತನ್ನಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಬಟ್ಟೆ ಬೀರುವಿಗೆ ಅಂತ ಮಾರುವ, ತಳದಲ್ಲಿ ನೀರು ತುಂಬಿಕೊಳ್ಳುವ ಡಬ್ಬಿಗಳನ್ನು ಮಾತ್ರ ಟೂಲ್ಸ್ ಹತ್ತಿರ ತರಬೇಡಿ. ಅದರಲ್ಲಿ ತುಂಬುವುದು ಬರೀ ನೀರಲ್ಲ, ಕ್ಯಾಲ್ಸಿಯಂ ಕ್ಲೋರೈಡಿನ ಉಪ್ಪುನೀರು. ಒಮ್ಮೆ ಉರುಳಿತೋ, ಮುಗೀತು ಕಥೆ. ಡ್ರಿಲ್ ಬಿಟ್, ಟ್ಯಾಪ್ ಡೈಗಳ (ಸ್ಕ್ರೂ ಮರೆ ಕೊರೆಯುವ ಸಲಕರಣೆ) ಡಬ್ಬಿಯಲ್ಲಿ ವಿಸಿಐ ಅನ್ನುವ ತುಕ್ಕು ತಡೆಯುವ ಕಾಗದ ಹಾಕಿದ್ದೇನೆ. ಅದರಿಂದ ಹೊರಡುವ ಆವಿ ಲೋಹದ ಮೇಲೆ ಕೂತು ಕಾಪಾಡುತ್ತದೆ. ಆದರೆ ಡಬ್ಬಿ ಮುಚ್ಚಿರಬೇಕು.

ಈಗ ಹಿಡಿದುಬಿಟ್ಟ ತುಕ್ಕಿನ ವಿಷಯ. ಮೇಲ್ಮೈ ಬರೀ ಕೆಂಪಾಗಿದ್ದು ಬೆರಳಿಗೆ ಪುಡಿ ಹತ್ತುತ್ತಿದ್ದರೆ ದ್ರಾವಣ ಗೀವಣ ಏನೂ ಬೇಡ. ಮೆಷಿನ್ ಎಣ್ಣೆ ಹಾಕಿ ನಯವಾದ ಸ್ಟೀಲ್ ವೂಲಿನಿಂದ ಉಜ್ಜಿ. ಎಣ್ಣೆ ಕಂದು ಕೆಸರಾಗುತ್ತದೆ, ಒರೆಸಿ, ಇನ್ನೊಮ್ಮೆ ಉಜ್ಜಿ. ಆಗೋಯ್ತು.

ಹೆಕ್ಕಳಿಕೆ ಏಳುವಷ್ಟು ತುಕ್ಕಿದ್ದರೆ ನಾನು ನಂಬಿರುವುದು ನಿಂಬೆ ಉಪ್ಪನ್ನು, ಅಂದರೆ ಸಿಟ್ರಿಕ್ ಆಸಿಡ್. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ. ಮೊದಲು ಸಾಮಾನನ್ನು ಸೋಪು ಹಾಕಿ ತೊಳೆದು ಹಳೇ ಎಣ್ಣೆಯ ಜಿಡ್ಡು ತೆಗೆಯಬೇಕು, ಜಿಡ್ಡಿದ್ದ ಕಡೆ ಆಮ್ಲ ಮುಟ್ಟುವುದಿಲ್ಲ. ಪೂರ್ತಿ ಮುಳುಗಬೇಕು. ಅರ್ಧ ಹೊರಗಿದ್ದರೆ ನೀರಿನ ಮಟ್ಟದಲ್ಲಿ ಲೋಹದ ಮೇಲೆ ಗೆರೆ ಕೊರೆದುಬಿಡುತ್ತದೆ. ಹಳೆಯ ಕೀಸುಳಿಯ ಅಲಗೊಂದನ್ನು ಹೀಗೆ ಮುಳುಗಿಸಿದಾಗ ಸಣ್ಣ ಗುಳ್ಳೆಗಳು ಏಳತೊಡಗಿದವು, ನೀರು ನಿಧಾನಕ್ಕೆ ಹಳದಿ ಹಸಿರಾಯಿತು. ಒಂದೆರಡು ಗಂಟೆಗೊಮ್ಮೆ ಹೊರತೆಗೆದು ಹಿತ್ತಾಳೆ ಬ್ರಷ್ ಆಡಿಸಿದರೆ ತುಕ್ಕು ಕಪ್ಪು ರಾಡಿಯಾಗಿ ಕಳಚಿ ಬರುತ್ತಿತ್ತು. ಕೊನೆಗೆ ಮಂಕು ಬೂದು ಬಣ್ಣದ ಲೋಹ, ಅದರ ಮೇಲೆ ತಯಾರಿಸಿದವರ ಮುದ್ರೆಯ ಅಕ್ಷರಗಳು. ಅಲ್ಲಿ ಅಕ್ಷರ ಇದೆ ಅಂತಲೇ ಗೊತ್ತಿರಲಿಲ್ಲ. ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ನಿಧಾನ, ವಾಸನೆ ಬೇರೆ.

ಹೊರತೆಗೆದ ಮೇಲಿನ ಕೆಲವು ನಿಮಿಷಗಳೇ ಮುಖ್ಯ. ಈಗ ಲೋಹ ಬರಿಮೈಯಲ್ಲಿದೆ, ನೀರು ಆರುವಷ್ಟರಲ್ಲೇ ಕಣ್ಣೆದುರಿಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಮೂಡುತ್ತದೆ. ಆದ್ದರಿಂದ ಎಲ್ಲವನ್ನೂ ಮೊದಲೇ ಜೋಡಿಸಿಟ್ಟುಕೊಳ್ಳುತ್ತೇನೆ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ಕುದಿಯುವ ಬಿಸಿ ನೀರು ಹಾಯಿಸಿ, ಬಟ್ಟೆಯಲ್ಲಿ ಒರೆಸಿ, ಹೀಟ್ ಗನ್ನಿನಿಂದ ಕೈಗೆ ಚುರುಕು ಅನ್ನುವಷ್ಟು ಬಿಸಿ ಮಾಡಿ, ಆ ಬಿಸಿ ಇರುವಾಗಲೇ ಎಣ್ಣೆ. ನಡುವೆ ಫೋನ್ ಬಂದರೆ ಎತ್ತುವುದಿಲ್ಲ.

ಎಲ್ಲವನ್ನೂ ಆಮ್ಲಕ್ಕೆ ಹಾಕುವಂತಿಲ್ಲ. ಸತು ಲೇಪಿಸಿದ ಸಾಮಾನು ಹಾಕಿದರೆ ತುಕ್ಕಿಗಿಂತ ಮೊದಲು ಸತುವೇ ಕರಗುತ್ತದೆ. ಸ್ಪ್ರಿಂಗು, ಗಡಸು ಉಕ್ಕಿನ ತೆಳು ಅಲಗುಗಳನ್ನು ತುಂಬಾ ಹೊತ್ತು ನೆನೆಸಿದರೆ ಹೈಡ್ರೋಜನ್ ಒಳಹೊಕ್ಕು ಉಕ್ಕು ಪೆಡಸಾಗಬಹುದು, ಬಗ್ಗಿಸಿದರೆ ಮುರಿಯಬಹುದು. ಬ್ಲೀಚಿಂಗ್ ದ್ರಾವಣವನ್ನಂತೂ ಆಮ್ಲದ ಹತ್ತಿರ ತರಲೇಬಾರದು, ಕ್ಲೋರಿನ್ ಅನಿಲ ಬರುತ್ತದೆ.

ದೊಡ್ಡ, ಮೂಲೆಮೂಲೆಗಳಿರುವ ಸಾಮಾನಿಗೆ ವಿದ್ಯುತ್ ವಿಧಾನ. ವೈಸಿನ ಬಿಡಿಭಾಗಗಳನ್ನು ಹೀಗೇ ಮಾಡಿದೆ. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ. 12 ವೋಲ್ಟಿನ ಹಳೇ ಮಾದರಿ ಬ್ಯಾಟರಿ ಚಾರ್ಜರ್. ಹೊಸ ಸ್ಮಾರ್ಟ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದೆ ಶುರುವೇ ಆಗುವುದಿಲ್ಲ. ನೆಗೆಟಿವ್ ವೈರ್ ತುಕ್ಕು ಹಿಡಿದ ಸಾಮಾನಿಗೆ, ಪಾಸಿಟಿವ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಇದು ತಿರುವುಮುರುವಾದರೆ ನಿಮ್ಮ ಸಾಮಾನೇ ಸವೆಯುತ್ತದೆ. ಎರಡೂ ಒಂದಕ್ಕೊಂದು ತಾಗಬಾರದು. ಬೇಡದ ತುಂಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರ ಕ್ರೋಮಿಯಂ ವಿಷವಾಗಿ ನೀರಿಗೆ ಇಳಿಯುತ್ತದೆ. ಸೋಡಾ ಬದಲು ಉಪ್ಪೂ ಬೇಡ, ಅದರಿಂದಲೂ ಕ್ಲೋರಿನ್ ಬರುತ್ತದೆ. ಗುಳ್ಳೆಗಳಲ್ಲಿ ಏಳುವುದು ಹೈಡ್ರೋಜನ್, ಆದ್ದರಿಂದ ಬಕೆಟ್ ಬಯಲಲ್ಲಿರಲಿ, ಹತ್ತಿರ ಕಿಡಿ ಬೇಡ, ಕ್ಲಿಪ್ ಮುಟ್ಟುವ ಮೊದಲು ಚಾರ್ಜರ್ ಆಫ್ ಮಾಡಿ. ಇದರ ಗುಣ ಏನೆಂದರೆ ಒಳ್ಳೆಯ ಲೋಹವನ್ನು ತಿನ್ನುವುದಿಲ್ಲ. ಮರೆತು ಒಂದು ರಾತ್ರಿ ಬಿಟ್ಟರೂ ನಷ್ಟವಿಲ್ಲ.

ಲೇಪನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಿನಾ ಬಳಸುವುದಕ್ಕೆ ತೆಳು ಮೆಷಿನ್ ಎಣ್ಣೆ. ಬೀಡುಕಬ್ಬಿಣದ ಟೇಬಲ್ಲಿಗೆ ಪೇಸ್ಟ್ ವ್ಯಾಕ್ಸ್. ತಿಂಗಳುಗಟ್ಟಲೆ ಮುಟ್ಟದ್ದಕ್ಕೆ ಲ್ಯಾನೊಲಿನ್ (ಕುರಿ ಉಣ್ಣೆಯ ಜಿಡ್ಡು) ಅಥವಾ ಗ್ರೀಸ್. ಡಬ್ಲ್ಯುಡಿ-40 ತೇವ ಓಡಿಸುವುದಕ್ಕೆ ಒಳ್ಳೆಯದು, ಆದರೆ ಅದು ಬಿಡುವ ಪದರ ತೀರಾ ತೆಳು. ಅದನ್ನು ಹೊಡೆದು, ಒರೆಸಿ, ಮೇಲೆ ಎಣ್ಣೆ ಹಚ್ಚುತ್ತೇನೆ. ಮರಗೆಲಸ ಮಾಡುವವರು ಸಿಲಿಕೋನ್ ಸ್ಪ್ರೇ ದೂರವಿಡಿ, ಮರಕ್ಕೆ ತಾಗಿದರೆ ಪಾಲಿಶ್ ಅಲ್ಲಿ ಕೂರದೆ ಗುಳಿ ಬೀಳುತ್ತದೆ. ಬೆವರಿನಲ್ಲಿ ಉಪ್ಪಿರುತ್ತದೆ, ಅಲ್ವಾ? ಮುಟ್ಟಿದ ಕಡೆ ಬೆರಳಿನ ಗುರುತೇ ತುಕ್ಕಾಗಿ ಏಳುತ್ತದೆ. ಅದಕ್ಕೇ ಎಣ್ಣೆ ಹಾಕಿದ ಬಟ್ಟೆಯೊಂದು ಮುಚ್ಚಳದ ಡಬ್ಬಿಯಲ್ಲಿ ಬೆಂಚಿನ ಮೇಲೇ ಇದೆ, ಒಳಗಿಡುವ ಮೊದಲು ಒಮ್ಮೆ ಸವರುತ್ತೇನೆ. ಹಿಡಿಗಳಿಗೆ ಹಚ್ಚುವ ಅಗಸೆ ಎಣ್ಣೆಯ ಬಟ್ಟೆ ಮಾತ್ರ ಆ ಡಬ್ಬಿಗೆ ಹೋಗಬಾರದು. ಮುದ್ದೆ ಮಾಡಿ ಎಸೆದರೆ ತಾನಾಗಿ ಕಾದು ಬೆಂಕಿ ಹತ್ತಿಕೊಳ್ಳುತ್ತದೆ. ಬಯಲಿನಲ್ಲಿ ಅಗಲವಾಗಿ ಹರಡಿ ಒಣಗಿಸಬೇಕು.

ತುಕ್ಕು ಹೋದರೂ ಅದು ತಿಂದ ಗುಳಿ ಹೋಗುವುದಿಲ್ಲ. ಕೀಸುಳಿಯ ಅಡಿಯಲ್ಲಿ, ಸುತ್ತಿಗೆಯ ಕೆನ್ನೆಯಲ್ಲಿ ಗುಳಿ ಇದ್ದರೆ ಕೆಲಸಕ್ಕೇನೂ ತೊಂದರೆಯಿಲ್ಲ, ನಾನು ಹಾಗೇ ಬಿಟ್ಟಿದ್ದೇನೆ. ಉಳಿಯ ಬೆನ್ನಿನಲ್ಲಿ, ಬಾಯಿಯ ಹತ್ತಿರ ಇದ್ದರೆ ಕಷ್ಟ. ಸಾಣೆ ಹಿಡಿದು ಹಿಡಿದು ಬಾಯಿ ಆ ಗುಳಿಯನ್ನು ಮುಟ್ಟಿದಾಗೆಲ್ಲ ಅಲ್ಲಿ ಹಲ್ಲು ಮುರಿದ ಹಾಗೆ ಕಚ್ಚು ಬೀಳುತ್ತದೆ. ಬೆನ್ನನ್ನು ಪೂರ್ತಿ ತೇಯ್ದು ಸಮ ಮಾಡಬೇಕು, ಇಲ್ಲವೇ ಗುಳಿ ದಾಟುವ ತನಕ ಉಳಿಯನ್ನೇ ಗಿಡ್ಡ ಮಾಡಬೇಕು. ಅಂಥ ಒಂದೆರಡು ಉಳಿಗಳಿಗೆ ನಾನು ಅಷ್ಟು ಶ್ರಮ ಹಾಕಿಲ್ಲ. ಪೇಂಟ್ ಡಬ್ಬಿಯ ಮುಚ್ಚಳ ಎಬ್ಬಲು ಚೆನ್ನಾಗಿ ಆಗುತ್ತವೆ.