ಕೋಡಿಯಮಠದ ಶಾಸನವನ್ನು ಕನ್ನಡಿಯ ಬೆಳಕಿನಲ್ಲಿ ಓದಿದ ಬಗೆ

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೋಡಿಯಮಠಕ್ಕೆ ಹೋದವರಿಗೆ ಇಂದು ಕಾಣುವುದು ಮೂರು ಗರ್ಭಗುಡಿಗಳುಳ್ಳ ಕೇದಾರೇಶ್ವರನ ತ್ರಿಕೂಟ ದೇವಾಲಯ ಮತ್ತು ಶಾಸನಗಳು. ಶೈವರಲ್ಲಿ ಒಂದು ಪಂಥವಾದ ಕಾಳಾಮುಖ ಯತಿಗಳು ಪಾಠ ಹೇಳಿ ಅನ್ನವಿಕ್ಕಿದ ಮಠದ ಬದುಕನ್ನು ಕಾಣಬೇಕಾದರೆ ಕಳಚುರಿ ಅರಸ ಬಿಜ್ಜಳನ ಕಾಲದ, 1162ರ ಶಾಸನವನ್ನೇ ಓದಬೇಕು. ಬಿ. ಎಲ್. ರೈಸ್ ಅದನ್ನು ಶಾಸನಗಳ ಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ಆದರೆ ನನಗೆ ಕಲ್ಲಿನ ಮೇಲೆಯೇ ಓದುವ ಹಟವಿತ್ತು. ಕಲ್ಲಿಗೆ ಕಾಗದ ಒತ್ತಿ ಶಾಯಿಯಿಂದ ಪಡಿಯಚ್ಚು ತೆಗೆಯಲು ನನಗೆ ಅನುಮತಿ ಇರಲಿಲ್ಲ, ಬರಿಯ ಬೆಳಕಿನಿಂದ ಅದು ಆಗದೆಂದು ಶಾಸನ ಬಲ್ಲ ಗೆಳೆಯರಿಬ್ಬರು ಖಂಡಿತವಾಗಿ ಹೇಳಿದ್ದರು.

ಮೊದಲ ಎರಡು ಪಯಣಗಳು ದಂಡವಾದವು. ಸುಮಾರು ಮೂರು ಸಾವಿರ ಕೊಟ್ಟು ತಂದ ಫ್ಲ್ಯಾಶ್, ನುಣುಪಾದ ಕಲ್ಲಿನ ಮೇಲೆ ಬಿಳಿಯ ಮಚ್ಚೆಯನ್ನಷ್ಟೇ ಮೂಡಿಸಿತು. ಮುಖ ನೋಡುವ ಚಿಕ್ಕ ಕನ್ನಡಿಯ ಬೆಳಕು ಒಂದು ಸಾಲಿಗೂ ಸಾಲಲಿಲ್ಲ. ಮೂರನೆಯ ಸಲ ಹಳೆಯ ಬೀರುವಿನಿಂದ ಬಿಚ್ಚಿದ ಎರಡಡಿಯ ಕನ್ನಡಿಯನ್ನು ಒಯ್ದು, ಕಲ್ಲಿಗೆ ಕಪ್ಪು ಬಟ್ಟೆಯ ನೆರಳು ಮಾಡಿ, ಹದಿನೈದಡಿ ದೂರದಿಂದ ಬಿಸಿಲನ್ನು ಕಲ್ಲಿನ ಮೈಗೆ ಸವರುವಂತೆ ಹಾಯಿಸಿದೆ. ಎಡದಿಂದ ಬಂದ ಬೆಳಕಿನಲ್ಲಿ ನಿಂತ ಗೆರೆಗಳು ಎದ್ದು ಬಂದವು, ತಲೆಕಟ್ಟುಗಳು ಮಾತ್ರ ಮಾಯವಾದವು. ಬೆಳಕಿಗೆ ಅಡ್ಡವಾಗಿರುವ ಗೆರೆಗೇ ನೆರಳು ಬೀಳುತ್ತದೆ ಎಂಬುದು ಅಲ್ಲಿ ನಿಂತಾಗಲೇ ಹೊಳೆಯಿತು. ನಮ್ಮ ದುಂಡು ಅಕ್ಷರಗಳಿಗೆ ಎಡದಿಂದೊಮ್ಮೆ, ಮೇಲಿನಿಂದೊಮ್ಮೆ ಬೆಳಕು ಕೊಟ್ಟು ಎರಡು ಚಿತ್ರಗಳನ್ನು ಜೊತೆಗಿಟ್ಟು ಓದಬೇಕು. ಹೊಳಪನ್ನು ತಗ್ಗಿಸಲು ಕನ್ನಡಿಗೆ ಏನು ಹಚ್ಚಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸೂರ್ಯ ಸರಿಯುವುದರಿಂದ ಐದಾರು ನಿಮಿಷಕ್ಕೊಮ್ಮೆ ಕನ್ನಡಿಯನ್ನು ತಿರುಗಿಸಲೇಬೇಕು.

ನಡುವೆ ನಮ್ಮ ಹೊಲದ ಬದುವಿನ ವೀರಗಲ್ಲಿಗೆ ನೀರು ಚಿಮುಕಿಸಿಯೂ ನೋಡಿದೆ. ಮೈ ಒಣಗಿದರೂ ಅಕ್ಷರದ ಕುಳಿಗಳು ಒದ್ದೆಯಾಗಿರುವ ಒಂದೆರಡು ನಿಮಿಷ ಅದು ಚೆನ್ನಾಗಿ ಓದಿಸಿತು. ಆದರೆ ರಕ್ಷಿತ ಸ್ಮಾರಕದಲ್ಲಿ ಆ ಪ್ರಯೋಗ ಸಲ್ಲದು.

ಬಸ್ಸು, ಊಟ, ಒಡೆದುಹೋದ ಒಂದು ಕನ್ನಡಿ, ಎಲ್ಲ ಸೇರಿ ಎಂಟೊಂಬತ್ತು ಸಾವಿರವಾಗಿರಬೇಕು. ಅದಕ್ಕೆ ದೊರೆತದ್ದು ನಾಲ್ಕು ವೇದ, ಪಾಣಿನಿಯ ವ್ಯಾಕರಣ, ಪುರಾಣಗಳ ಅಧ್ಯಯನಕ್ಕೂ ಭಿಕ್ಷುಕರ ಅನ್ನದಾನಕ್ಕೂ ಸ್ಥಾನವೆಂದು ಮಠವನ್ನು ಬಣ್ಣಿಸುವ ಆ ಪ್ರಸಿದ್ಧ ಸಾಲುಗಳು. ರೋಗಿಗಳ ‘ಭೈಷಜ್ಯ’ದ, ಎಂದರೆ ಚಿಕಿತ್ಸೆಯ, ಮಾತು ಬಂದಲ್ಲಿ, ‘ಜ’ದ ಕೆಳಗಿನ ಒತ್ತು ಮೇಲಿನ ಬೆಳಕಿಗೆ ಸ್ಪಷ್ಟವಾಗಿ ಮೂಡಿದಾಗ ಕನ್ನಡಿ ಹಿಡಿದಿದ್ದ ಕೈ ನಡುಗಿತು. ಆಗದೆಂದಿದ್ದ ಗೆಳೆಯರಲ್ಲಿ ಒಬ್ಬರು ಎರಡೂ ಚಿತ್ರಗಳನ್ನು ರೈಸರ ಪಾಠದೊಡನೆ ಅಕ್ಷರಶಃ ತಾಳೆ ನೋಡಿ ಒಪ್ಪಿದರು. ನೆಲದ ಹತ್ತಿರದ ಸವೆದ ಸಾಲುಗಳು ಇನ್ನೂ ಬಾಕಿ ಇವೆ. ಅವಕ್ಕೆ ಚಳಿಗಾಲದ ಇಳಿಬಿಸಿಲನ್ನು ಕಾಯುತ್ತಿದ್ದೇನೆ.