ಕ್ರೌನ್-ಪಿನಿಯನ್ ಹೋಯ್ತು ಅಂದ್ಕೊಂಡಿದ್ದೆ

ಜರ್ಮನಿಯ ಬಾಡ್ ಉರಾಖ್ ಊರಿನ ಹತ್ತಿರ, ಕಾಡಿನ ಇಳಿಜಾರು. ತಿರುವಿಗೆ ಮುಂಚೆ ಹಿಂದಿನ ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟೆ, ಅಷ್ಟೇ. ಕಾಲು ತೆಗೆದರೂ ಚಕ್ರ ಬಿಡಲಿಲ್ಲ. ಟೈರ್ ಕಿರುಚಿಕೊಂಡು ಜಾರಿತು, ಗಾಡಿ ರಸ್ತೆಯಂಚಿಗೆ ಬಂದು ನಿಂತಿತು. ವೇಗ ಕಡಿಮೆ ಇತ್ತು, ಬೀಳಲಿಲ್ಲ.

ಗಾಡಿ ಬಿಎಂಡಬ್ಲ್ಯು ಆರ್75/6 ಬೈಕು. ಈ ಮಾಡೆಲ್ 1973ರಿಂದ 1976ರವರೆಗೆ ಬಂತು. ಚೈನ್ ಇಲ್ಲ, ಶಾಫ್ಟ್. ಗೇರ್‌ಬಾಕ್ಸ್‌ನಿಂದ ಹೊರಟ ಶಾಫ್ಟ್ ಬಲಗಡೆಯ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಒಳಗೇ ಓಡಿ, ಚಕ್ರದ ಪಕ್ಕದ ಡಬ್ಬಿಯಲ್ಲಿರುವ ಪಿನಿಯನ್ನನ್ನು ತಿರುಗಿಸುತ್ತದೆ. ಪಿನಿಯನ್ ಅಂದರೆ 10 ಹಲ್ಲಿನ ಚಿಕ್ಕ ಗೇರು, ಅದು ತಿರುಗಿಸುವ 32 ಹಲ್ಲಿನ ದೊಡ್ಡ ಗೇರೇ ಕ್ರೌನ್. ಊರಲ್ಲಿ ಲಾರಿ, ಜೀಪಿನ ಹಿಂದಿನ ಆಕ್ಸಲ್‌ನಲ್ಲಿ ಇರುವುದೂ ಇದೇ ಸಂಸಾರ, ಇಲ್ಲಿ ಚಿಕ್ಕದು.

ಹಾಗಾಗಿ ನನ್ನ ತಲೆಗೆ ಮೊದಲು ಬಂದದ್ದು ಒಂದೇ. ಹಲ್ಲು ಮುರಿದಿದೆ, ಕತೆ ಮುಗೀತು. ಗೆಳೆಯ ಟ್ರೇಲರ್ ತರುವಷ್ಟರಲ್ಲಿ ಮೊಬೈಲಿನಲ್ಲಿ ಸೆಕೆಂಡ್ ಹ್ಯಾಂಡ್ ಡಬ್ಬಿಗಳ ಬೆಲೆ ನೋಡ್ತಾ ಕೂತಿದ್ದೆ. ಶಾಫ್ಟ್ ಗಾಡಿ ಇಟ್ಟುಕೊಂಡವರಿಗೆಲ್ಲ ಇದೊಂದು ರೋಗ. ಹಿಂದೆ ಏನೇ ಸದ್ದಾದರೂ ಮನಸ್ಸು ನೇರವಾಗಿ ಅತಿ ದುಬಾರಿ ಸಾಮಾನಿಗೇ ಹೋಗುತ್ತದೆ.

ರಾತ್ರಿ ಹಾಸನಕ್ಕೆ ಫೋನ್ ಮಾಡಿದೆ. ಸೋದರಮಾವ ಲಾರಿ ಗ್ಯಾರೇಜು ಇಟ್ಟವರು.

"ಹಿಂದಕ್ಕೆ ತಿರುಗುತ್ತೇನೋ?" ಅಂದರು.

"ನೋಡಿಲ್ಲ ಮಾವ."

"ನೋಡ್ದೇ ಕ್ರೌನ್ ಹೋಯ್ತು ಅಂತೀಯಲ್ಲೋ!"

ಬೆಳಿಗ್ಗೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಟ್ಟಿದೆ ಅಂತ ಖಾತ್ರಿ ಮಾಡಿಕೊಂಡೆ. ಗೇರು ನ್ಯೂಟ್ರಲ್. ಚಕ್ರ ಅಲ್ಲಾಡಲಿಲ್ಲ. ಅಂದರೆ ಎಂಜಿನ್ನು, ಕ್ಲಚ್ಚು ಎರಡೂ ಪಟ್ಟಿಯಿಂದ ಆಚೆ. ಆಮೇಲೆ ಎರಡೂ ಕೈಯಿಂದ ಟೈರ್ ಹಿಡಿದು ಹಿಂದಕ್ಕೆ ತಿರುಗಿಸಿದೆ. ಗೇಣಷ್ಟು ಬಂತು! ಮುಂದಕ್ಕೆ ತಿರುಗಿಸಿದರೆ ಮೊದಲಿದ್ದ ಜಾಗಕ್ಕೇ ಬಂದು ದಪ್ ಅಂತ ನಿಂತಿತು. ಒಳಗೆ ಯಾರೋ ಬೆಣೆ ಹೊಡೆದ ಹಾಗೆ.

ಹಿಂದಿನದು ಡ್ರಮ್ ಬ್ರೇಕು: ಚಕ್ರದ ಜೊತೆ ತಿರುಗುವ ಡ್ರಮ್ಮು, ಅದರ ಒಳಗೋಡೆಗೆ ಒತ್ತುವ ಎರಡು ಬಾಗಿದ ಶೂ. ಅದರ ಗುಣವೇ ಇದು. ಮುಂದಕ್ಕೆ ಓಡುವಾಗ ಒಂದು ಶೂವನ್ನು ಡ್ರಮ್ಮೇ ತನ್ನ ಕಡೆ ಎಳೆದುಕೊಳ್ಳುತ್ತದೆ. ನಡುವೆ ಏನಾದರೂ ಸಿಕ್ಕರೆ ಮುಂದಕ್ಕೆ ಹೋದಷ್ಟೂ ಬಿಗಿ, ಹಿಂದಕ್ಕೆ ಬಂದರೆ ಸಡಿಲ. ಆದರೆ ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಮುರಿದ ಹಲ್ಲಿನ ಚೂರೂ ಒಮ್ಮೊಮ್ಮೆ ಹೀಗೇ ಒಂದು ಕಡೆ ಬಿಟ್ಟುಕೊಡಬಹುದು.

ಬ್ರೇಕ್ ರಾಡಿನ ತುದಿಯ ಚಿಟ್ಟೆ ನಟ್ಟನ್ನು ಪೂರ್ತಿ ಬಿಚ್ಚಿ, ಲಿವರ್ ಹಿಂದಕ್ಕೆ ತಳ್ಳಿದೆ. ಶೂಗಳನ್ನು ಅಗಲಿಸುವ ಕ್ಯಾಮ್ ಸಲೀಸಾಗಿ ವಾಪಸ್ ಬಂತು, ಜಾಮ್ ಮಾತ್ರ ಹಾಗೇ ಇತ್ತು. ಈ ಗಾಡಿಗಳಲ್ಲಿ ಒಣಗಿದ ಕ್ಯಾಮ್ ಕಚ್ಚಿಕೊಳ್ಳುವುದೂ ಉಂಟು, ನನ್ನದು ಅದಲ್ಲ.

ಮುಂದೆ ಡಬ್ಬಿಯ ಎಣ್ಣೆ. ಅಡುಗೆಮನೆಯಿಂದ ಅಳತೆ ಜಗ್ ತಂದೆ. (ಹೆಂಡತಿಗೆ ಈಗ ಹೊಸದು ಕೊಡಿಸಿದ್ದೇನೆ.) ಇದಕ್ಕೆ ಹಿಡಿಸುವುದು 250 ಮಿಲಿ. ಇಳಿದದ್ದು 190. ಹಳೇ ಬನಿಯನ್ ಬಟ್ಟೆಯಲ್ಲಿ ಸೋಸಿ, ಅಯಸ್ಕಾಂತ ಆಡಿಸಿದೆ. ಬೂದು ಬಣ್ಣದ ನುಣುಪು ಪೇಸ್ಟ್ ಸ್ವಲ್ಪ ಅಂಟಿತು, ಅದು ಮಾಮೂಲಿ ಸವೆತ. ಚೂರಿಲ್ಲ, ಚಕ್ಕೆ ಇಲ್ಲ. ಹಲ್ಲು ಮುರಿದಿದ್ದರೆ ಇಲ್ಲಿ ಸಿಗಲೇಬೇಕಿತ್ತು. ಜೀವ ಬಂತು. ಆದರೆ ಉಳಿದ 60 ಮಿಲಿ ಎಲ್ಲಿ?

ಬಲಗಡೆಯ ನಟ್ ಬಿಚ್ಚಿ, ಎಡಗಡೆ ಆಕ್ಸಲ್ ಬಿಗಿಹಿಡಿಯುವ ಪಿಂಚ್ ಬೋಲ್ಟ್ ಸಡಿಲ ಮಾಡಿ, ಆಕ್ಸಲ್ಲನ್ನು ಎಡಕ್ಕೆ ಎಳೆದೆ. ಸುಲಭವಾಗಿ ಬಂತು. ಚಕ್ರ ಬರಲಿಲ್ಲ. ಇಲ್ಲಿ ಸುಮ್ನೆ ಸುತ್ತಿಗೆ ಎತ್ತಿದರೆ ಡ್ರಮ್ ಹಾಳು. ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಲೇ ಎಡಕ್ಕೆ ಎಳೆಯಬೇಕು. ರಬ್ಬರ್ ಸುತ್ತಿಗೆಯಿಂದ ಸುತ್ತ ತಟ್ಟುತ್ತಾ ಕಾಲು ಗಂಟೆ ಗುದ್ದಾಡಿದೆ. ಕೊನೆಗೆ ಸ್ಪ್ಲೈನಿಂದ (ಚಕ್ರ ಸಿಕ್ಕಿಸುವ ಹಲ್ಲಿನ ಮೂತಿ) ಚಕ್ರ ಕಳಚಿಕೊಂಡಿತು. ಜೊತೆಗೆ ಬಾಗಿದ ಕಪ್ಪು ಪಟ್ಟಿಯೊಂದು ನೆಲಕ್ಕೆ ಬಿತ್ತು. ಬ್ರೇಕ್ ಲೈನಿಂಗು, ಅಂದರೆ ಡ್ರಮ್ಮಿಗೆ ಉಜ್ಜುವ ಭಾಗ. ಶೂ ಮೇಲಿನ ಅಂಟು ಬಿಟ್ಟು ಇಡಿಯಾಗಿ ಎದ್ದು ಬಂದಿತ್ತು.

ಎತ್ತಿ ಮೂಸಿದೆ. ಗಂಧಕದ ಕೊಳೆತ ನಾತ. ಒಮ್ಮೆ ಗೇರ್ ಆಯಿಲ್ ಕೈಗೆ ಮೆತ್ತಿಕೊಂಡವರು ಆ ವಾಸನೆ ಮರೆಯಲ್ಲ. 60 ಮಿಲಿಯ ಲೆಕ್ಕ ಅಲ್ಲಿ ಸಿಕ್ಕಿತು. ಡಬ್ಬಿಯ ದೊಡ್ಡ ಸೀಲ್ ಒಸರಿ, ಲೈನಿಂಗ್ ನೆನೆದು, ಹಳೇ ಅಂಟು ಸೋತಿತ್ತು. ಆಮೇಲೆ ಡಬ್ಬಿಯಿಂದ ಹೊರಗೆ ಚಾಚಿದ ಸ್ಪ್ಲೈನನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದೆ. ಎಲ್ಲೂ ತಡೆಯದೆ, ಬೆಣ್ಣೆಯ ಹಾಗೆ ತಿರುಗಿತು. ಚಕ್ರದ ಬೇರಿಂಗ್‌ಗಳೂ ಚೆನ್ನಾಗಿದ್ದವು.

ಒಂದು ಮಾತು: ಹಳೇ ಡ್ರಮ್ಮಿನ ಧೂಳಿಗೆ ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಗಾಳಿ ಊದಬೇಡಿ. ಆ ಕಾಲದ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿ ಎಸೆಯಿರಿ.

ಸೀಲ್ ಬದಲಿಸುವ ಕೆಲಸವನ್ನು ಈ ಗಾಡಿಗಳನ್ನೇ ಬಿಚ್ಚಿ ಕಟ್ಟುವ ಒಬ್ಬರಿಗೆ ಕೊಟ್ಟೆ, ನನ್ನ ಹತ್ತಿರ ಅದಕ್ಕೆ ಸಾಮಾನಿಲ್ಲ. ಹೊಸ ಶೂ, ಹೊಸ ಎಣ್ಣೆ 250, ಸ್ಪ್ಲೈನಿಗೆ ಮಾಲಿಬ್ಡಿನಮ್ ಗ್ರೀಸ್. ಡ್ರಮ್ಮಿನ ಗೀರು ಸ್ಯಾಂಡ್‌ಪೇಪರಿಗೇ ಹೋಯಿತು.

ಬಿದ್ದ ಲೈನಿಂಗಿನ ಫೋಟೋ ಮಾವನಿಗೆ ಕಳಿಸಿದೆ. "ಡ್ರಮ್ ಅಂಚಲ್ಲಿ ಎಣ್ಣೆ ಪಸೆ ಎಷ್ಟು ದಿನದಿಂದ ಇತ್ತು?" ಅಂತ ಕೇಳಿದರು. ಎರಡು ತಿಂಗಳಿಂದ ಇತ್ತು. ಗಾಡಿ ತೊಳೆದ ನೀರು ಅಂದ್ಕೊಂಡು ಪ್ರತಿ ಸಲ ಒರೆಸ್ತಿದ್ದೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ.