ರಾಜಿ ಡಿಕ್ರಿ ರದ್ದಾದ ಮರುದಿನ

ಆದೇಶದ ಕೊನೆಯ ಸಾಲು ಚುಟುಕಾಗಿತ್ತು: ಅರ್ಜಿ ಮಂಜೂರು, ರಾಜಿ ಡಿಕ್ರಿ ರದ್ದು. ರಾಜಿ ಡಿಕ್ರಿ ಎಂದರೆ ಎರಡೂ ಪಕ್ಷದವರು ಒಪ್ಪಿದ ರಾಜಿಯಂತೆ ನ್ಯಾಯಾಲಯ ಕೊಡುವ ತೀರ್ಪು. ಹೊರಗೆ ಬಂದೊಡನೆ ನನ್ನ ಕಕ್ಷಿದಾರರು, "ಗೆದ್ದ ಹಾಗಾಯಿತಲ್ಲವೇ ಸರ್?" ಎಂದು ಕೇಳಿದರು. "ಗೆದ್ದಿಲ್ಲ ಅಮ್ಮಾ, ನೀವು ಸಹಿ ಹಾಕುವ ಹಿಂದಿನ ದಿನಕ್ಕೆ ಬಂದು ನಿಂತಿದ್ದೇವೆ" ಎಂದೆ. ಆ ಹಿಂದಿನ ದಿನಕ್ಕೆ ತಲುಪಲು ಇನ್ನೂ ಎಷ್ಟು ಅರ್ಜಿ ಬರೆಯಬೇಕು ಎಂಬುದು ಆಗ ನನಗೂ ಗೊತ್ತಿರಲಿಲ್ಲ.

ಅಣ್ಣಂದಿರ ವಿರುದ್ಧ ತಂಗಿ ಹೂಡಿದ್ದ ಪಾಲುವಿಭಾಗದ ದಾವೆ ಅದು. ಮನೆಯ ಪಾಲಿಗೆ ಈಗ ಹಣ, ಜಮೀನಿನ ಮಾತು ಆಮೇಲೆ ಎಂದು ಹೇಳಿ ಸಹಿ ಮಾಡಿಸಿದ್ದರು. ರಾಜಿ ಅರ್ಜಿಯಲ್ಲಿ ಮಾತ್ರ ಜಮೀನಿನ ಹಕ್ಕನ್ನೂ ಬಿಟ್ಟುಕೊಟ್ಟಂತೆ ಬರೆದಿತ್ತು. ನನ್ನ ಬಳಿ ಬಂದಾಗ ಆಕೆ ಹೊಸ ದಾವೆ ಹಾಕುವ ಯೋಚನೆಯಲ್ಲಿದ್ದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ಎ ನಿಯಮ ಆ ದಾರಿಯನ್ನು ಮುಚ್ಚಿದೆ. 96(3)ನೇ ಕಲಂ ಸಮ್ಮತಿಯ ಡಿಕ್ರಿಗೆ ಮೇಲ್ಮನವಿಯನ್ನೂ ಕೊಡುವುದಿಲ್ಲ. ರಾಜಿಯನ್ನು ದಾಖಲಿಸಿದ ನ್ಯಾಯಾಲಯದ ಮುಂದೆಯೇ ಹೋಗಿ, ಆ ಒಪ್ಪಂದ ಕಾನೂನುಬದ್ಧವಲ್ಲ ಎಂದು ತೋರಿಸಬೇಕು. 2006ರ ಪುಷ್ಪಾದೇವಿ ಭಗತ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಇದೇ ರಾಜಿ ಲೋಕ ಅದಾಲತ್‌ನಲ್ಲಿ ಆಗಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಿತ್ತು. ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ತಪ್ಪು ಬಾಗಿಲು ತಟ್ಟಿದವರನ್ನು ಕಂಡಿದ್ದೇನೆ.

ನನ್ನ ತಪ್ಪು ಬೇರೆಯದು. ಡಿಕ್ರಿ ರದ್ದುಪಡಿಸಿ ಎಂದು ಕೇಳಿದ್ದೆ. ದಾವೆಯನ್ನು ಮೂಲ ಸಂಖ್ಯೆಯಲ್ಲೇ ಮತ್ತೆ ಕಡತಕ್ಕೆ ತೆಗೆದುಕೊಂಡು ವಾಯಿದೆ, ಅಂದರೆ ವಿಚಾರಣೆಯ ದಿನ, ಕೊಡಿ ಎಂದು ಕೇಳಿರಲಿಲ್ಲ. ಡಿಕ್ರಿ ಹೋದ ಮೇಲೆ ದಾವೆ ಬದುಕಲೇಬೇಕಲ್ಲ ಎಂಬುದು ನನ್ನ ತರ್ಕ. ನ್ಯಾಯಾಲಯದ ಕಚೇರಿ ನೋಡಿಕೊಳ್ಳುವ ಶಿರಸ್ತೇದಾರರ ತರ್ಕ ಇನ್ನೂ ಸರಳ: ಕಂಪ್ಯೂಟರಿನಲ್ಲಿ ದಾವೆ ವಿಲೇವಾರಿಯಾಗಿದೆ, ಆದೇಶದಲ್ಲಿ ವಾಯಿದೆ ಇಲ್ಲ, ಕಡತ ರೆಕಾರ್ಡ್ ರೂಮಿನಲ್ಲಿದೆ. ಅವರ ಮೇಲೆ ಸಿಟ್ಟಾಗಿ ಫಲವಿರಲಿಲ್ಲ. ನ್ಯಾಯಾಲಯದ ಅಂತರ್ಗತ ಅಧಿಕಾರವನ್ನು ಹೇಳುವ 151ನೇ ಕಲಂ ಅಡಿ ಚಿಕ್ಕ ಅರ್ಜಿ ಹಾಕಿ, ದಾವೆ ಯಾವ ಹಂತದಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಲಿ ಎಂದು ಸ್ಪಷ್ಟಪಡಿಸಿಕೊಂಡೆ. ನಮ್ಮದು ವಾದಿಯ ಪಾಟೀಸವಾಲಿನ, ಅಂದರೆ ಎದುರು ವಕೀಲರು ಆಕೆಯನ್ನು ಪ್ರಶ್ನಿಸುವ ಹಂತದ, ನಡುವೆ ನಿಂತಿತ್ತು. ಆವರೆಗಿನ ಸಾಕ್ಷ್ಯ, ಗುರುತು ಹಾಕಿದ ದಾಖಲೆಗಳು ಹಾಗೆಯೇ ಉಳಿದವು. ಈಗ ಇಂಥ ಅರ್ಜಿ ಬರೆಯುವಾಗ ಕೋರಿಕೆಯ ಎರಡನೇ ಸಾಲಾಗಿ ಇದನ್ನೇ ಸೇರಿಸುತ್ತೇನೆ.

ಅಷ್ಟರಲ್ಲಿ ಎದುರು ಪಕ್ಷದವರು ಹೈಕೋರ್ಟಿಗೆ ಹೊರಟಿದ್ದರು. ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ನಾನು ಮೊದಲೇ ಕೇವಿಯಟ್ ಹಾಕಿಟ್ಟಿದ್ದೆ. ಅದರ ಆಯುಷ್ಯ 90 ದಿನ, ದಿನಚರಿಯಲ್ಲಿ ಗುರುತು ಮಾಡಿಕೊಳ್ಳದಿದ್ದರೆ ಮರೆತೇ ಹೋಗುತ್ತದೆ. ಹೈಕೋರ್ಟಿನಲ್ಲಿ ಅರ್ಜಿ ಇದೆ ಎಂದು ಇಲ್ಲಿ ಪ್ರತಿಸಲ ಸಮಯ ಕೇಳುತ್ತಿದ್ದರು. ತಡೆಯಾಜ್ಞೆಯ ಪ್ರತಿ ತೋರಿಸಲಿ ಎಂದು ನಾನು ಪಟ್ಟು ಹಿಡಿದೆ. ಮೂರನೇ ವಾಯಿದೆಗೆ ನ್ಯಾಯಾಧೀಶರೂ ಅದನ್ನೇ ಕೇಳಿದರು. ತಡೆಯಾಜ್ಞೆ ಇರಲಿಲ್ಲ.

ಜಮೀನು ಪರಭಾರೆ ಮಾಡದಂತೆ ಮೊದಲಿದ್ದ ಮಧ್ಯಂತರ ಆದೇಶ ತಾನಾಗಿ ಜೀವ ಪಡೆಯಿತೇ ಎಂಬ ಚರ್ಚೆಗೆ ನಾನು ಇಳಿಯಲಿಲ್ಲ. ವಾದಕ್ಕೆ ಒಳ್ಳೆಯ ವಿಷಯವೇನೋ ಹೌದು, ಆದರೆ ವಾದ ಮುಗಿಯುವಷ್ಟರಲ್ಲಿ ಉಳಿದ ಜಮೀನೂ ಮಾರಾಟವಾಗಿರುತ್ತಿತ್ತು. ತಾತ್ಕಾಲಿಕ ತಡೆಯಾಜ್ಞೆ ಕೋರಿ 39ನೇ ಆದೇಶದಡಿ ಹೊಸ ಅರ್ಜಿ ಹಾಕಿದೆ. ಜೊತೆಗೆ ಜಮೀನಿನ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪತ್ರ ತೆಗೆಸಿದಾಗ ಒಂದು ಸರ್ವೆ ನಂಬರ್ ಆಗಲೇ ಮೂರನೆಯವರ ಕೈ ಸೇರಿರುವುದು ಕಂಡಿತು. ಕೊಂಡವರನ್ನು ಪ್ರತಿವಾದಿಯಾಗಿ ಸೇರಿಸಿದೆವು. ಡಿಕ್ರಿ ನೋಡಿಯೇ ಹಣ ಕೊಟ್ಟೆ ಎಂಬುದು ಅವರ ಅಳಲು. ಅದನ್ನು ಸುಳ್ಳೆನ್ನುವಂತಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು 144ನೇ ಕಲಂ. ರದ್ದಾದ ಡಿಕ್ರಿಯ ಬಲದಿಂದ ಕೈಬದಲಾದದ್ದನ್ನು ಮೊದಲಿನ ಸ್ಥಿತಿಗೆ ತರುವ ಅಧಿಕಾರ ಅಲ್ಲಿದೆ. ಅದಕ್ಕಾಗಿ ಬೇರೆ ದಾವೆ ಹೂಡುವಂತಿಲ್ಲ. ಪಹಣಿಯಲ್ಲಿ ಅಣ್ಣಂದಿರ ಹೆಸರು ಏರಿತ್ತು, ಆ ನಮೂದು ಹೋಗಬೇಕು ಎಂದು ಉತ್ಸಾಹದಿಂದ ವಾದ ಶುರು ಮಾಡಿದೆ. ನ್ಯಾಯಾಧೀಶರು ತಲೆಯೆತ್ತಿ ಒಂದೇ ಪ್ರಶ್ನೆ ಹಾಕಿದರು: "ನಿಮ್ಮ ಕಕ್ಷಿದಾರರು ಪಡೆದ ಹಣ ಎಲ್ಲಿದೆ?"

ಉತ್ತರ ನನ್ನಲ್ಲಿರಲಿಲ್ಲ. ಒಪ್ಪಂದವನ್ನು ತಳ್ಳಿಹಾಕಿದವರು ಅದರಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕು ಎಂದು ಕರಾರು ಕಾಯ್ದೆಯ 64ನೇ ಕಲಂ ಹೇಳುತ್ತದೆ. ಕಾಲೇಜಿನಲ್ಲಿ ಓದಿದ್ದೇ, ಆದರೆ ಕಕ್ಷಿದಾರರಿಗೆ ಮುಂಚಿತವಾಗಿ ಹೇಳಿರಲಿಲ್ಲ. ಹಣದಲ್ಲಿ ಅರ್ಧ ಮನೆ ರಿಪೇರಿಗೆ ಮುಗಿದಿತ್ತು. "ಮೋಸ ಮಾಡಿದವರು ಅವರು, ನಾನೇಕೆ ಕೊಡಬೇಕು?" ಎಂದು ಆಕೆ ಕೇಳಿದಾಗ ಆ ಮಾತಿನಲ್ಲಿ ನ್ಯಾಯವಿಲ್ಲ ಎಂದು ನನಗೆ ಅನ್ನಿಸಲಿಲ್ಲ. ಆದರೂ ಕೊಡಲೇಬೇಕಿತ್ತು. ಹಣವನ್ನು ಅಣ್ಣಂದಿರ ಕೈಗೆ ಕೊಡದೆ ನ್ಯಾಯಾಲಯದಲ್ಲಿ ಠೇವಣಿ ಇಡಲು, ಅದೂ ಎರಡು ಕಂತಿನಲ್ಲಿ, ಅನುಮತಿ ಕೇಳಿದೆ. ಸಿಕ್ಕಿತು. ಠೇವಣಿಯ ರಸೀದಿ ಕಡತ ಸೇರಿದ ಮೇಲೆಯೇ ಪಹಣಿಯ ಬಗ್ಗೆ ಆದೇಶ ಬಂತು. ಅದರ ದೃಢೀಕೃತ ನಕಲು ಹಿಡಿದು ತಾಲ್ಲೂಕು ಕಚೇರಿಗೆ ಅಲೆದದ್ದು ಮತ್ತೊಂದು ಕಥೆ.

ಪಾಟೀಸವಾಲು ಮತ್ತೆ ಶುರುವಾದ ದಿನ ಎದುರು ವಕೀಲರು ಅದೇ ಹಳೆಯ ರಾಜಿ ಅರ್ಜಿಯನ್ನು ತೋರಿಸಿ, "ಇದರಲ್ಲಿರುವ ಸಹಿ ನಿಮ್ಮದೇ ತಾನೇ?" ಎಂದರು. ನಾನು ಆಕ್ಷೇಪಿಸಿದೆ. ಆಕ್ಷೇಪವನ್ನು ಬರೆದುಕೊಂಡ ನ್ಯಾಯಾಧೀಶರು ಅಂತಿಮ ವಾದದ ವೇಳೆ ನೋಡೋಣ ಎಂದರು. ಆಕೆ ಮಾತ್ರ ಅಳುಕದೆ, "ಸಹಿ ನನ್ನದು. ಅದನ್ನು ಯಾರೂ ನನಗೆ ಓದಿ ಹೇಳಲಿಲ್ಲ" ಎಂದರು. ಈಗ ಪ್ರತಿವಾದಿಗಳ ಸಾಕ್ಷ್ಯ ನಡೆಯುತ್ತಿದೆ. ಮುಂದಿನ ವಾಯಿದೆಗೆ ಜಮೀನು ಕೊಂಡವರು ಸಾಕ್ಷಿ ಕಟ್ಟೆಗೆ ಬರಬೇಕು.